ಒಂದು ದಿನದಲ್ಲಿ ಹದಿನೈದು ವಿನ್ಯಾಸವೋ, ನಾಲ್ಕು ಭಾನುವಾರಗಳಲ್ಲಿ ನಾಲ್ಕು ಕೇಕೋ?

ಪ್ರಶ್ನೆ: ನಾನು ದಾವಣಗೆರೆಯ ಗೃಹಿಣಿ, ವಯಸ್ಸು 46. ಓಟಿಜಿಯಲ್ಲಿ ಮೊಟ್ಟೆಯಿಲ್ಲದ ಸ್ಪಂಜ್ ಕೇಕನ್ನು ಚೆನ್ನಾಗಿಯೇ ಮಾಡುತ್ತೇನೆ. ಆದರೆ ಕಳೆದ ಏಪ್ರಿಲ್‌ನಲ್ಲಿ ಮಗಳ ಹುಟ್ಟುಹಬ್ಬಕ್ಕೆ ಕ್ರೀಮ್ ಹಚ್ಚಿ ಹೂ ಬಿಡಿಸಿದಾಗ ಅರ್ಧ ಗಂಟೆಯೊಳಗೆ ಎಲ್ಲವೂ ಸಡಿಲವಾಗಿ ತಟ್ಟೆಗೆ ಇಳಿಯಿತು. ಈಗ ಅಲಂಕಾರವನ್ನು ಕ್ರಮವಾಗಿ ಕಲಿಯಬೇಕೆಂದಿದ್ದೇನೆ. ನಮ್ಮೂರಿನಲ್ಲಿ ಆರಂಭಿಕರಿಗೆಂದು ಎರಡು ತರಗತಿಗಳಿವೆ. ಒಂದರಲ್ಲಿ ಒಂದೇ ದಿನ ಹದಿನೈದು ವಿನ್ಯಾಸಗಳನ್ನು ತೋರಿಸುತ್ತಾರೆ. ಇನ್ನೊಂದು ನಾಲ್ಕು ಭಾನುವಾರ ನಡೆಯುತ್ತದೆ, ದಿನಕ್ಕೊಂದೇ ಕೇಕ್. ಶುಲ್ಕ ಹೆಚ್ಚುಕಡಿಮೆ ಒಂದೇ. ಯಾವುದಕ್ಕೆ ಸೇರಲಿ? ಮೊದಲೇ ಏನೇನು ಕೊಂಡಿಟ್ಟುಕೊಳ್ಳಬೇಕು? ಕಲಿತ ಮೇಲೆ ಆರ್ಡರ್ ತೆಗೆದುಕೊಳ್ಳಬಹುದೇ? ಬ್ಯಾಗ್ ಹಿಡಿದಾಗ ಕೈ ಸ್ವಲ್ಪ ನಡುಗುತ್ತದೆ, ಅದು ಅಡ್ಡಿಯಾಗುವುದೇ?

ಉತ್ತರ: ನಾಲ್ಕು ಭಾನುವಾರಗಳ ತರಗತಿಗೇ ಸೇರಿ. ಅದರ ಶುಲ್ಕ ಸ್ವಲ್ಪ ಹೆಚ್ಚಾಗಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ನೋಡಿ ತಿಳಿಯುವಷ್ಟನ್ನು ಮೊಬೈಲಿನ ವಿಡಿಯೊಗಳೇ ತೋರಿಸುತ್ತವೆ. ಹಣ ಕೊಟ್ಟು ತರಗತಿಗೆ ಹೋಗುವುದು, ನಮ್ಮ ಕೈ ತಪ್ಪುವ ಕ್ಷಣದಲ್ಲೇ ಪಕ್ಕದಲ್ಲಿ ನಿಂತವರೊಬ್ಬರು ಆ ಕೈಯನ್ನು ಹಿಡಿದು ತಿದ್ದಲಿ ಎಂದು. ಒಂದೇ ದಿನದಲ್ಲಿ ಹದಿನೈದು ವಿನ್ಯಾಸ ಮುಗಿಸಬೇಕಾದ ಶಿಕ್ಷಕರಿಗೆ, ಅವರು ಎಷ್ಟೇ ನುರಿತವರಾಗಿದ್ದರೂ, ಹಾಗೆ ತಿದ್ದಲು ಬಿಡುವಾಗುವುದಿಲ್ಲ. ಆರು ಗಂಟೆಯ ತರಗತಿಯಲ್ಲಿ ಊಟ ಮತ್ತು ಪರಿಚಯಕ್ಕೆ ಒಂದು ಗಂಟೆ ಕಳೆದರೆ ವಿನ್ಯಾಸವೊಂದಕ್ಕೆ ಉಳಿಯುವುದು ಇಪ್ಪತ್ತು ನಿಮಿಷ; ಅದರಲ್ಲಿ ಕ್ರೀಮ್ ಹಿಂಡುವ ಪೈಪಿಂಗ್ ಬ್ಯಾಗ್ ನಿಮ್ಮ ಕೈಗೆ ಬರುವುದು ಎರಡು ನಿಮಿಷವಾದರೆ ಹೆಚ್ಚು.

ನಾನು ಕಲಿಯಲು ಹೋದ ಮೊದಲ ತರಗತಿಯೂ ಅಂಥದ್ದೇ ಆಗಿತ್ತು. ಹನ್ನೆರಡು ವಿನ್ಯಾಸಗಳನ್ನು ನೋಟ್ ಪುಸ್ತಕದಲ್ಲಿ ಬಣ್ಣದ ಪೆನ್ಸಿಲ್ಲಿನಿಂದ ಬಿಡಿಸಿಕೊಂಡು ಸಂತೋಷದಿಂದ ಮನೆಗೆ ಬಂದೆ; ಮರುದಿನ ಮಾಡಲು ಕೂತಾಗ ಕ್ರೀಮ್ ಗಟ್ಟಿಯಾಗಲೇ ಇಲ್ಲ. ನಾವು ತರಗತಿಗೆ ಬರುವ ಮೊದಲೇ ಅಲ್ಲಿ ಕ್ರೀಮ್ ಬೀಟ್ ಮಾಡಿ ಫ್ರಿಜ್‌ನಲ್ಲಿ ಇಟ್ಟಿರುತ್ತಿದ್ದರು, ಆದ್ದರಿಂದ ಅದು ಹಾಲಿನಂತಿದ್ದ ಸ್ಥಿತಿಯಿಂದ ಹೂವಾಗುವ ಸ್ಥಿತಿಗೆ ಹೇಗೆ ಬರುತ್ತದೆಂಬುದನ್ನೇ ನಾನು ಕಂಡಿರಲಿಲ್ಲ. ಈಗ ನಾನು ಕಲಿಸುವಾಗ ಮೊದಲ ದಿನವಿಡೀ ಕ್ರೀಮಿನ ಹದಕ್ಕೇ ಮೀಸಲು. ಮೈಸೂರು ಪಾಕ್ ಮಾಡುವವರಿಗೆ ಪಾಕದ ಹದ ಎಷ್ಟು ಮುಖ್ಯವೋ ಅಲಂಕಾರ ಮಾಡುವವರಿಗೆ ಕ್ರೀಮಿನ ಹದ ಅಷ್ಟೇ ಮುಖ್ಯ. ನಿಮ್ಮ ಮಗಳ ಕೇಕ್ ಕೆಟ್ಟದ್ದು ಇಲ್ಲಿಯೇ ಎಂದು ನೀವು ಬರೆದದ್ದರಿಂದಲೇ ತಿಳಿಯುತ್ತದೆ, ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕ್ರೀಮನ್ನು ಬೀಟ್ ಮಾಡುವಾಗ ಅದರೊಳಕ್ಕೆ ಗಾಳಿಯ ಸಣ್ಣ ಸಣ್ಣ ಗುಳ್ಳೆಗಳು ಸೇರುತ್ತವೆ. ಕ್ರೀಮಿನಲ್ಲಿರುವ ಕೊಬ್ಬಿನ ಕಣಗಳು ಅರೆಬರೆಯಾಗಿ ಒಂದಕ್ಕೊಂದು ಅಂಟಿಕೊಂಡು ಆ ಗುಳ್ಳೆಗಳ ಸುತ್ತ ಗೋಡೆ ಕಟ್ಟುತ್ತವೆ. ಗೋಡೆ ನಿಲ್ಲಬೇಕಾದರೆ ಕೊಬ್ಬು ಗಟ್ಟಿಯಾಗಿರಬೇಕು, ಗಟ್ಟಿಯಾಗಿರಬೇಕಾದರೆ ತಣ್ಣಗಿರಬೇಕು. ಹಾಲಿನ ಕ್ರೀಮಾದರೆ ಅದರಲ್ಲಿ ಕನಿಷ್ಠ ಶೇ 30ರಷ್ಟು ಕೊಬ್ಬು ಇಲ್ಲದೆ ಗೋಡೆ ಕಟ್ಟಲು ಸಾಮಗ್ರಿಯೇ ಸಾಲದು. ಅಂಗಡಿಯಲ್ಲಿ ‘ಫ್ರೆಶ್ ಕ್ರೀಮ್’ ಎಂದು ಸಿಗುವ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಇರುವುದು ಶೇ 25. ಎಷ್ಟು ಹೊತ್ತು ತಿರುಗಿಸಿದರೂ ಅದು ಹೂ ಬಿಡಿಸುವಷ್ಟು ಗಟ್ಟಿಯಾಗುವುದಿಲ್ಲ. ನೀವು ಬಳಸಿದ್ದು ಅದೇ ಆಗಿದ್ದರೆ ನಿಮ್ಮ ಕೈಯಲ್ಲಿ ಯಾವ ದೋಷವೂ ಇರಲಿಲ್ಲ.

ನಮ್ಮ ರಾಜ್ಯದ ಬಹುತೇಕ ಬೇಕರಿಗಳಲ್ಲಿ ಮತ್ತು ತರಗತಿಗಳಲ್ಲಿ ಬಳಸುವುದು ನಾನ್ ಡೈರಿ ವಿಪ್ಪಿಂಗ್ ಕ್ರೀಮ್, ಅಂದರೆ ತಾಳೆ ಬೀಜದ ಎಣ್ಣೆಯಂತಹ ಸಸ್ಯಜನ್ಯ ಕೊಬ್ಬಿನಿಂದ ಮಾಡಿದ, ಮೊದಲೇ ಸಕ್ಕರೆ ಸೇರಿಸಿರುವ ಕ್ರೀಮ್. ಇದರ ಕೊಬ್ಬು ಹಾಲಿನ ಕೊಬ್ಬಿಗಿಂತ ಹೆಚ್ಚು ಬಿಸಿ ತಡೆಯುತ್ತದೆ, ಮೂರರಿಂದ ನಾಲ್ಕು ಪಟ್ಟು ಉಬ್ಬುತ್ತದೆ, ಕಲಿಯುವವರ ತಪ್ಪುಗಳನ್ನೂ ಸಹಿಸಿಕೊಳ್ಳುತ್ತದೆ. ರುಚಿಯಲ್ಲಿ ಹಾಲಿನ ಕ್ರೀಮಿಗೆ ಸಮವಲ್ಲ ಎಂಬುದು ನನ್ನ ಅಭಿಪ್ರಾಯ, ಆದರೂ ಆರಂಭಕ್ಕೆ ಇದನ್ನೇ ಬಳಸಿ. (ಇದರಲ್ಲಿ ಹೃದಯಕ್ಕೆ ಹಾನಿಕರವಾದ ಟ್ರಾನ್ಸ್ ಕೊಬ್ಬು ಇರುತ್ತದೆಂಬ ಆತಂಕ ಹಲವರದು. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಕೈಗಾರಿಕಾ ಟ್ರಾನ್ಸ್ ಕೊಬ್ಬು ಶೇ 2ನ್ನು ಮೀರುವಂತಿಲ್ಲ. ಪೊಟ್ಟಣದ ಹಿಂಬದಿಯನ್ನು ಓದಿಯೇ ಕೊಳ್ಳಿ.) ಇದನ್ನು ಮೈನಸ್ 18 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ ಮಾರುತ್ತಾರೆ. ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಕರಗಿಸದೆ, ಬೇಕಾದಷ್ಟನ್ನು ಹಿಂದಿನ ದಿನವೇ ಫ್ರೀಜರಿನಿಂದ ಫ್ರಿಜ್‌ನ ಕೆಳಭಾಗಕ್ಕೆ ಇಳಿಸಿ. ಮರುದಿನ ಕ್ರೀಮ್ ದ್ರವವಾಗಿರಬೇಕು, ಆದರೆ ಪಾತ್ರೆಯ ಹೊರಮೈ ಮುಟ್ಟಿದರೆ ಬೆರಳು ಕೊರೆಯುವಷ್ಟು ತಣ್ಣಗಿರಬೇಕು. ಅಲ್ಲಲ್ಲಿ ಸಣ್ಣ ಹಿಮದ ಹರಳುಗಳು ಉಳಿದಿದ್ದರೂ ಸರಿಯೇ. ಸ್ಟೀಲ್ ಪಾತ್ರೆಯನ್ನೂ ಬೀಟರಿನ ಕಡ್ಡಿಗಳನ್ನೂ ಅರ್ಧ ಗಂಟೆ ಫ್ರೀಜರಿನಲ್ಲಿಟ್ಟು, ಬೇಸಿಗೆಯಾದರೆ ಪಾತ್ರೆಯ ಕೆಳಗೆ ಐಸ್ ಹಾಕಿದ ಅಗಲವಾದ ತಪ್ಪಲೆ ಇಟ್ಟುಕೊಂಡು, ಮೊದಲು ನಿಧಾನವಾಗಿ, ಆಮೇಲೆ ಮಧ್ಯಮ ವೇಗದಲ್ಲಿ ಬೀಟ್ ಮಾಡಿ. ಹೆಚ್ಚಿನ ವೇಗದಲ್ಲಿ ಬೇಗ ಮುಗಿಯುತ್ತದೆ ನಿಜ, ಆದರೆ ಗುಳ್ಳೆಗಳು ದೊಡ್ಡವಾಗಿ ಕ್ರೀಮಿನ ಮೈ ರಂಧ್ರರಂಧ್ರವಾಗುತ್ತದೆ.

ಹದವನ್ನು ಗುರುತಿಸುವುದು ಹೀಗೆ. ಬೀಟರನ್ನು ಎತ್ತಿದಾಗ ಕ್ರೀಮಿನ ತುದಿ ಬಾಗಿ ಹಕ್ಕಿಯ ಕೊಕ್ಕಿನಂತಾದರೆ ಅದು ಕೇಕಿನ ಮೈಗೆ ಹಚ್ಚುವ ಹದ. ತುದಿ ಬಾಗದೆ ನೇರ ನಿಂತು, ಮೈ ಇನ್ನೂ ಹೊಳೆಯುತ್ತಿದ್ದರೆ ಅದು ಹೂ ಬಿಡಿಸುವ ಹದ. ಹೊಳಪು ಹೋಗಿ ಕ್ರೀಮ್ ಒಡೆದ ಮೊಸರಿನಂತೆ ತರಿತರಿಯಾಗಿ ಕಂಡರೆ ಹದ ಮೀರಿತೆಂದು ಅರ್ಥ. ಆಗ ಬಿಸಾಡಬೇಡಿ: ಬೀಟ್ ಮಾಡದ ತಣ್ಣನೆಯ ಕ್ರೀಮನ್ನು ಎರಡು ಮೂರು ಚಮಚ ಸೇರಿಸಿ, ಯಂತ್ರವನ್ನು ಬದಿಗಿಟ್ಟು, ಸ್ಪ್ಯಾಚುಲಾದಿಂದ ಮೆಲ್ಲನೆ ಮಗುಚಿದರೆ ಬಹಳಷ್ಟು ಸಲ ನಯ ಮರಳುತ್ತದೆ. ಈ ಮೂರು ಸ್ಥಿತಿಗಳನ್ನು, ಹಾಳಾಗುವ ಸ್ಥಿತಿಯನ್ನೂ ಒಳಗೊಂಡು, ವಿದ್ಯಾರ್ಥಿ ತನ್ನ ಕೈಯಾರೆ ಮಾಡಿ ನೋಡಬೇಕು. ಹಾಗಾಗಿ ತರಗತಿಗೆ ಸೇರುವ ಮೊದಲು ನೀವು ಕೇಳಬೇಕಾದ ಮೊಟ್ಟಮೊದಲ ಪ್ರಶ್ನೆ ‘ಕ್ರೀಮನ್ನು ನಾವೇ ಬೀಟ್ ಮಾಡುತ್ತೇವೆಯೇ?’ ಎಂಬುದು.

ಎರಡನೆಯ ಪ್ರಶ್ನೆ ಕೋಣೆಯ ಬಗ್ಗೆ ಇರಲಿ. ಎ.ಸಿ. ಹಾಕಿದ ಕೋಣೆಯಲ್ಲಿ 22 ಡಿಗ್ರಿಯಲ್ಲಿ ಕಲಿತದ್ದು, ಏಪ್ರಿಲ್ ಮಧ್ಯಾಹ್ನ 37–38 ಡಿಗ್ರಿ ಮುಟ್ಟುವ ನಿಮ್ಮೂರಿನ ಅಡುಗೆಮನೆಯಲ್ಲಿ ಹಾಗೆಯೇ ನಡೆಯುವುದಿಲ್ಲ. ಎ.ಸಿ. ಇಲ್ಲದ ಮನೆಯಲ್ಲಿ ಹೇಗೆ ಸಂಭಾಳಿಸಬೇಕೆಂದು ಹೇಳಿಕೊಡುವ ಶಿಕ್ಷಕರು ನಿಮಗೆ ಬೇಕು. ಬೆಳಿಗ್ಗೆ ಆರಕ್ಕೆ ಅಥವಾ ರಾತ್ರಿ ಒಂಬತ್ತರ ನಂತರ ಅಲಂಕರಿಸುವುದು, ಬ್ಯಾಗಿಗೆ ಅರ್ಧದಷ್ಟು ಮಾತ್ರ ಕ್ರೀಮ್ ತುಂಬಿ ಉಳಿದದ್ದನ್ನು ಫ್ರಿಜ್‌ನಲ್ಲೇ ಇಡುವುದು, ಅಂಗೈಯ ಶಾಖಕ್ಕೆ ಬ್ಯಾಗ್ ಮೆತ್ತಗಾದೊಡನೆ ಬದಲಿಸುವುದು, ಇವೆಲ್ಲ ನಮ್ಮ ಹವೆಗೆ ಬೇಕಾದ ಪಾಠಗಳು. ಬೆಣ್ಣೆ ದೋಸೆಯ ಊರಿನವರಾದ್ದರಿಂದ ಬೆಣ್ಣೆಗೆ ಸಕ್ಕರೆ ಪುಡಿ ಸೇರಿಸಿ ಮಾಡುವ ಬಟರ್ ಕ್ರೀಮಿನ ವಿಚಾರ ಬರದೇ ಇರದು. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆಯ ನೀರು ಉಳಿದಿರುವುದರಿಂದ ಸಕ್ಕರೆ ಪುಡಿ ಸೇರಿಸಿದಾಗ ಅದು ಒಡೆಯುತ್ತದೆ; ಉಪ್ಪಿಲ್ಲದ ಪ್ಯಾಕೆಟ್ ಬೆಣ್ಣೆ ಬಳಸಿದರೂ ಬೆಣ್ಣೆ ಕರಗುವುದೇ 32ರಿಂದ 35 ಡಿಗ್ರಿಯ ಆಸುಪಾಸಿನಲ್ಲಿ ಆದ್ದರಿಂದ ಬೇಸಿಗೆಯಲ್ಲಿ ಅದರ ಮೇಲೆ ಭರವಸೆ ಇಡಲಾಗದು. ಆ ತಿಂಗಳುಗಳಲ್ಲಿ ಚಾಕೊಲೇಟ್ ಗನಾಶ್ ನಿಮಗೆ ಹೆಚ್ಚು ಸಹಾಯಕ: ತೂಕದಲ್ಲಿ ಎರಡು ಪಾಲು ಡಾರ್ಕ್ ಚಾಕೊಲೇಟಿಗೆ ಒಂದು ಪಾಲು ಕ್ರೀಮ್ ಹಾಕಿದ ಗನಾಶ್ ಕೇಕಿನ ಮೈಯನ್ನು ಬಿಗಿಯಾಗಿ ಹಿಡಿದಿಡುತ್ತದೆ.

ಕ್ರೀಮಿನ ನಂತರ ಕಲಿಯಬೇಕಾದದ್ದು ಸಮತಟ್ಟಾಗಿ ಹಚ್ಚುವುದು. ಇದನ್ನು ವಿದ್ಯಾರ್ಥಿಗಳು ಬೇಸರದ ಕೆಲಸವೆಂದು ಭಾವಿಸಿ ಹೂವಿಗೆ ಧಾವಿಸುತ್ತಾರೆ. ಆದರೆ ಮೈ ಓರೆಯಾದ ಕೇಕಿನ ಮೇಲೆ ಎಷ್ಟು ಚಂದದ ಗುಲಾಬಿ ಇಟ್ಟರೂ ಕಣ್ಣು ಮೊದಲು ಹೋಗುವುದು ಆ ಓರೆಗೇ. ಸ್ಪಂಜ್ ಪೂರ್ತಿ ತಣಿದಿರಬೇಕು. ಹಿಂದಿನ ರಾತ್ರಿಯೇ ಬೇಯಿಸಿ, ಕ್ಲಿಂಗ್ ಹಾಳೆಯಲ್ಲಿ ಸುತ್ತಿ ಫ್ರಿಜ್‌ನಲ್ಲಿಟ್ಟರೆ ಕತ್ತರಿಸುವಾಗ ಪುಡಿ ಉದುರುವುದು ಬಹಳ ಕಡಿಮೆಯಾಗುತ್ತದೆ. ಉಬ್ಬಿದ ತಲೆಯನ್ನು ಗರಗಸದ ಹಲ್ಲಿರುವ ಬ್ರೆಡ್ ಚಾಕುವಿನಿಂದ ತೆಗೆದು, ಪದರಗಳಿಗೆ ತಣ್ಣಗಾದ ಸಕ್ಕರೆ ನೀರನ್ನು ಹನಿಸಿ, ಮೊದಲು ತೆಳುವಾದ ಒಂದು ಲೇಪ ಹಚ್ಚಿ ಇಪ್ಪತ್ತು ಮೂವತ್ತು ನಿಮಿಷ ಫ್ರಿಜ್‌ನಲ್ಲಿಡಿ. ಕ್ರಂಬ್ ಕೋಟ್ ಎನ್ನುವ ಈ ಲೇಪ ಉದುರುವ ಪುಡಿಯನ್ನು ಹಿಡಿದು ನಿಲ್ಲಿಸುತ್ತದೆ. ಅದರ ಮೇಲೆ ಎರಡನೆಯ ಲೇಪ ಹಚ್ಚಿ, ಕ್ರೀಮ್ ಸವರುವ ಚಪ್ಪಟೆ ಪಟ್ಟಿಯಾದ ಸ್ಕ್ರೇಪರನ್ನು ಕೇಕಿಗೆ ತಾಗಿಸಿ ನೆಟ್ಟಗೆ ಹಿಡಿದು, ಆ ಕೈಯನ್ನು ಅಲುಗಿಸದೆ, ಇನ್ನೊಂದು ಕೈಯಿಂದ ಕೇಕ್ ಇಟ್ಟ ತಿರುಗುಪೀಠ, ಅಂದರೆ ಟರ್ನ್‌ಟೇಬಲ್ ತಿರುಗಿಸಬೇಕು. ಕುಂಬಾರರ ತಿಗರಿಯನ್ನು ನೆನಪಿಸಿಕೊಳ್ಳಿ. ಅಲ್ಲಿ ತಿಗರಿ ತಿರುಗುತ್ತದೆ, ಮಡಕೆಗೆ ರೂಪ ಕೊಡುವ ಕೈ ನಿಂತಲ್ಲೇ ನಿಂತಿರುತ್ತದೆ. ಆರಂಭಿಕರು ಕೈಯನ್ನು ಕೇಕಿನ ಸುತ್ತ ಓಡಿಸುವುದರಿಂದಲೇ ಅಲೆಗಳು ಮೂಡುತ್ತವೆ, ಮತ್ತು ಇದು ಎಷ್ಟು ಹೇಳಿದರೂ ಅರ್ಥವಾಗದೆ, ಒಮ್ಮೆ ಶಿಕ್ಷಕರು ಮೊಣಕೈ ಹಿಡಿದು ನಿಲ್ಲಿಸಿದೊಡನೆ ಅರ್ಥವಾಗುವ ವಿಷಯ.

ಪೈಪಿಂಗ್ ವಿಚಾರದಲ್ಲಿ ನಮ್ಮ ಹೆಣ್ಣುಮಕ್ಕಳು ತಿಳಿಯದೆಯೇ ಅರ್ಧ ಪಾಠ ಮುಗಿಸಿರುತ್ತಾರೆ. ಮೆಹಂದಿ ಕೋನ್ ಹಿಡಿದವರಿಗೆ ಒತ್ತಡವನ್ನು ಏರಿಳಿಸುವುದು ಗೊತ್ತು. ರಂಗೋಲಿ ಹಾಕುವವರಿಗೆ ವೃತ್ತವನ್ನು ಎಂಟು ಸಮಭಾಗ ಮಾಡಿ ಚುಕ್ಕಿ ಇಡುವುದು ಗೊತ್ತು. ಜಿಲೇಬಿ ಬಿಟ್ಟವರಿಗೆ ಹಿಟ್ಟು ಬೀಳುವ ವೇಗಕ್ಕೆ ಕೈ ಸುತ್ತುವ ವೇಗವನ್ನು ಹೊಂದಿಸುವುದು ಗೊತ್ತು. ಹೊಸದಾಗಿ ಕಲಿಯಬೇಕಾದದ್ದು ಒಂದೇ, ಒತ್ತುವುದನ್ನು ನಿಲ್ಲಿಸಿದ ಮೇಲೆ ಬ್ಯಾಗನ್ನು ಎತ್ತುವುದು. ಒತ್ತುತ್ತಲೇ ಎತ್ತಿದರೆ ಪ್ರತಿ ನಕ್ಷತ್ರಕ್ಕೂ ಬಾಲ ಬರುತ್ತದೆ. ನಕ್ಷತ್ರಕ್ಕೆ ಮತ್ತು ಸುರುಳಿ ಹೂವಾದ ರೋಸೆಟ್ಟಿಗೆ ಬ್ಯಾಗ್ ನೇರವಾಗಿ, ಅಂಚಿನ ಶಂಖದ ಸಾಲಿಗೆ ಸುಮಾರು 45 ಡಿಗ್ರಿ ಓರೆಯಾಗಿ ಇರಲಿ. ಎದ್ದು ನಿಲ್ಲುವ ಗುಲಾಬಿಗೆ ಎಸಳಿನ ನಾಝಲ್ (ಬ್ಯಾಗಿನ ತುದಿಗೆ ಹಾಕುವ ಮೂತಿ) ಬೇಕು, ಅದರ ಅಗಲ ಬಾಯಿ ಕೆಳಕ್ಕೆ, ಕಿರಿದು ಮೇಲಕ್ಕೆ. ನಡುವೆ ಮೊಗ್ಗು, ಸುತ್ತ ಮೂರು, ಐದು, ಏಳು ಎಸಳು ಎಂಬುದು ರೂಢಿಯ ಲೆಕ್ಕ. ನಾಝಲ್‌ಗಳಿಗೆ 1ಎಂ, 104 ಎಂದೆಲ್ಲ ಕರೆಯುವುದು ಅಮೆರಿಕದ ವಿಲ್ಟನ್ ಸಂಸ್ಥೆಯ ಸಂಖ್ಯಾಕ್ರಮ. ಆ ಕುಟುಂಬ 1929ರಲ್ಲಿ ಷಿಕಾಗೊದಲ್ಲಿ ಅಲಂಕಾರದ ಪಾಠ ಆರಂಭಿಸಿತ್ತು. ನಮ್ಮ ಪೇಟೆಯಲ್ಲಿ ಸಿಗುವ ಎಲ್ಲ ನಾಝಲ್‌ಗಳೂ ಆ ಸಂಖ್ಯೆಗೆ ಹೊಂದುವುದಿಲ್ಲವಾದ್ದರಿಂದ ಸಂಖ್ಯೆ ನೋಡುವುದಕ್ಕಿಂತ ಬಾಯಿಯ ಆಕಾರ ನೋಡಿ ಕೊಳ್ಳಿ.

ತರಗತಿಯ ಬಗ್ಗೆ ಇನ್ನೂ ಎರಡು ಪ್ರಶ್ನೆ ಕೇಳಿ. ಒಬ್ಬ ಶಿಕ್ಷಕರಿಗೆ ಎಷ್ಟು ವಿದ್ಯಾರ್ಥಿಗಳು? ನಾನು ಎಂಟಕ್ಕಿಂತ ಹೆಚ್ಚು ಜನರನ್ನು ತೆಗೆದುಕೊಳ್ಳುವುದಿಲ್ಲ; ಹತ್ತು ದಾಟಿದರೆ ಯಾರ ಕೈಯನ್ನೂ ನೋಡಲಾಗುವುದಿಲ್ಲ ಎಂಬುದು ನನ್ನ ಅನುಭವ. ಪ್ರತಿಯೊಬ್ಬರಿಗೂ ಪ್ರತ್ಯೇಕ ಟರ್ನ್‌ಟೇಬಲ್ ಮತ್ತು ಕೇಕ್ ಇದೆಯೇ, ಇಬ್ಬರು ಮೂವರಿಗೆ ಒಂದೇ? ಶಿಕ್ಷಕರು ತಾವು ಮಾಡಿದ ಕೇಕುಗಳ ಚಿತ್ರ ತೋರಿಸಿದಾಗ ನೋಡಿ ಮೆಚ್ಚಿ, ಆಮೇಲೆ ಅವರ ವಿದ್ಯಾರ್ಥಿಗಳು ಮೊದಲ ತಿಂಗಳಲ್ಲಿ ಮಾಡಿದ ಕೇಕುಗಳ ಚಿತ್ರವನ್ನೂ ಕೇಳಿ. ಆರಂಭಿಕ ತರಗತಿಯಲ್ಲೇ ಫಾಂಡೆಂಟ್ ಬೊಂಬೆಗಳನ್ನೂ ಸೇರಿಸಿದ್ದರೆ ಆ ಭಾಗದಿಂದ ಹೆಚ್ಚು ನಿರೀಕ್ಷಿಸಬೇಡಿ. ಸಕ್ಕರೆಯ ಆ ಹಿಟ್ಟು ಗಾಳಿಯ ತೇವವನ್ನು ಹೀರಿ ಅಂಟುತ್ತದೆ, ಕರಾವಳಿಯಲ್ಲಂತೂ ನುರಿತವರನ್ನೂ ಕಾಡುತ್ತದೆ. ಅದು ಬೇರೆಯೇ ಕಲಿಕೆ.

ಮೊದಲೇ ಕೊಳ್ಳಬೇಕಾದದ್ದು ಬಹಳ ಕಡಿಮೆ. ಹ್ಯಾಂಡ್ ಬೀಟರ್ ನಿಮ್ಮಲ್ಲಿ ಇರಬಹುದು. ಅಲುಗದೆ ತಿರುಗುವ ಟರ್ನ್‌ಟೇಬಲ್, ಎಂಟು ಇಂಚಿನ ಪ್ಯಾಲೆಟ್ ನೈಫ್, ಒಂದು ಸ್ಕ್ರೇಪರ್, ಹನ್ನೆರಡು ಇಂಚಿನ ಪೈಪಿಂಗ್ ಬ್ಯಾಗುಗಳು, ನಕ್ಷತ್ರದ, ಎಸಳಿನ, ಎಲೆಯ ಮತ್ತು ದುಂಡು ಬಾಯಿಯ ನಾಲ್ಕು ನಾಝಲ್ ಸಾಕು. ನೂರು ನಾಝಲ್‌ಗಳ ಡಬ್ಬಿ ಕೊಂಡವರು ನಾಲ್ಕೈದನ್ನೇ ಬಳಸುವುದನ್ನು ನಾನು ಕಂಡಿದ್ದೇನೆ. ಯಾರೂ ಹೇಳದ, ಆದರೆ ನಾನು ಒತ್ತಾಯಿಸುವ ವಸ್ತು ಒಂದು ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್. ಕ್ರೀಮ್ 10 ಡಿಗ್ರಿಗಿಂತ ಕೆಳಗಿದೆಯೇ ಎಂಬುದನ್ನು ಅದು ಊಹೆಗೆ ಬಿಡದೆ ತೋರಿಸುತ್ತದೆ.

ಎರಡು ಭಾನುವಾರಗಳ ನಡುವಿನ ಆರು ದಿನಗಳೇ ನಿಮ್ಮ ತರಗತಿಯ ನಿಜವಾದ ಬೆಲೆ. ಪ್ರತಿದಿನ ಕ್ರೀಮ್ ಖರ್ಚು ಮಾಡಬೇಕಾಗಿಲ್ಲ. ವನಸ್ಪತಿಗೆ ಐಸಿಂಗ್ ಶುಗರ್ ಸೇರಿಸಿ ಬೀಟ್ ಮಾಡಿ ಡಬ್ಬಿಯಲ್ಲಿಟ್ಟುಕೊಳ್ಳಿ; ಅಭ್ಯಾಸಕ್ಕೆ ಮಾತ್ರ ಮೀಸಲಾದ ಈ ಮಿಶ್ರಣವನ್ನು ಮಗುಚಿಟ್ಟ ಸ್ಟೀಲ್ ತಟ್ಟೆಯ ಮೇಲೆ ಹಿಂಡಿ, ಕೆರೆದು, ಮತ್ತೆ ಬ್ಯಾಗಿಗೆ ತುಂಬಿ ವಾರಗಟ್ಟಲೆ ಬಳಸಬಹುದು. ದಿನಕ್ಕೆ ಹದಿನೈದು ನಿಮಿಷ ಒಂದೇ ನಾಝಲ್, ಒಂದೇ ಆಕಾರ. ಐವತ್ತು ನಕ್ಷತ್ರಗಳನ್ನು ಒಂದೇ ಗಾತ್ರದಲ್ಲಿ ಸಾಲಾಗಿ ಇಡಲು ಬಂದ ದಿನ ರೋಸೆಟ್ಟಿಗೆ ಹೋಗಿ.

ಬಣ್ಣದ ವಿಷಯದಲ್ಲಿ ದಯವಿಟ್ಟು ಎಚ್ಚರ ವಹಿಸಿ. 2024ರಲ್ಲಿ ಕರ್ನಾಟಕದ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಕೃತಕ ಬಣ್ಣಗಳ ಕಾರಣಕ್ಕೆ ಅಸುರಕ್ಷಿತವೆಂದು ಕಂಡುಬಂದಿದ್ದವು; ರೆಡ್ ವೆಲ್ವೆಟ್ ಮತ್ತು ಬ್ಲ್ಯಾಕ್ ಫಾರೆಸ್ಟ್ ಕೇಕುಗಳ ಹೆಸರು ಆಗ ಹೆಚ್ಚಾಗಿ ಕೇಳಿಬಂದಿತ್ತು. ಕಡುಗೆಂಪು ಮತ್ತು ಕಪ್ಪು ಬರಲು ಬಣ್ಣ ಅತಿಯಾಗಿ ಬೇಕಾಗುತ್ತದೆ, ಆದ್ದರಿಂದ ಮಕ್ಕಳ ಕೇಕಿಗೆ ಆ ಎರಡನ್ನು ಬಿಟ್ಟುಬಿಡುವುದೇ ಒಳ್ಳೆಯದೆಂದು ನಾನು ತರಗತಿಯಲ್ಲಿ ಹೇಳುತ್ತೇನೆ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತು ಇರುವ ಜೆಲ್ ಬಣ್ಣವನ್ನು ಹಲ್ಲುಕಡ್ಡಿಯ ತುದಿಯಲ್ಲಿ ತೆಗೆದು ಬೆರೆಸಿ, ಅರ್ಧ ಗಂಟೆ ಬಿಡಿ. ಬಣ್ಣ ತಾನಾಗಿಯೇ ಗಾಢವಾಗುತ್ತದೆ.

ಆರ್ಡರ್ ತೆಗೆದುಕೊಳ್ಳುವ ಕುರಿತು: ನಾಲ್ಕು ಭಾನುವಾರಗಳಾದೊಡನೆ ಬೇಡ. ಬಂಧುಗಳಿಗೆ, ನೆರೆಯವರಿಗೆ ಹಣವಿಲ್ಲದೆ ಹತ್ತು ಕೇಕ್ ಮಾಡಿಕೊಡಿ, ಪ್ರತಿಯೊಂದಕ್ಕೂ ಬಳಸಿದ ಕ್ರೀಮ್, ಗ್ಯಾಸ್, ವಿದ್ಯುತ್, ಡಬ್ಬಿ ಮತ್ತು ನಿಮ್ಮ ಗಂಟೆಗಳನ್ನು ಬರೆದಿಡಿ. ಆಗ ಬೆಲೆ ಎಷ್ಟಿರಬೇಕೆಂದು ನಿಮಗೇ ತಿಳಿಯುತ್ತದೆ. ಮನೆಯಿಂದ ಮಾರಿದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು, ಅದರ 14 ಅಂಕಿಗಳ ಸಂಖ್ಯೆ ಡಬ್ಬಿಯ ಮೇಲಿರಬೇಕು. ಇದನ್ನೇ ಉದ್ಯೋಗವಾಗಿಸಿಕೊಳ್ಳುವ ಮನಸ್ಸಾದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳದ ಬೇಕರಿ ತರಬೇತಿ ಕೇಂದ್ರದಲ್ಲಿ ಕ್ರಮಬದ್ಧ ತರಬೇತಿ ದೊರೆಯುತ್ತದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟ್ ಮತ್ತು ಅದೇ ಮಾದರಿಯಲ್ಲಿ ಜಿಲ್ಲೆಗಳಲ್ಲಿ ಬ್ಯಾಂಕುಗಳು ನಡೆಸುವ ಆರ್‌ಸೆಟಿ ಸಂಸ್ಥೆಗಳಲ್ಲಿ ಊಟ, ವಸತಿ ಸಹಿತ ಉಚಿತ ತರಬೇತಿ ಇರುತ್ತದೆ. ನಿಮ್ಮ ಜಿಲ್ಲೆಯಲ್ಲಿ ಬೇಕರಿಯ ತಂಡ ಯಾವಾಗ ಎಂದು ಒಮ್ಮೆ ವಿಚಾರಿಸಿ.

ಕೊನೆಗೆ ಕೈ ನಡುಗುವ ಮಾತು. ಲೋಟ ಎತ್ತುವಾಗಲೂ, ಸಹಿ ಹಾಕುವಾಗಲೂ ನಡುಗುವುದಾದರೆ ವೈದ್ಯರಿಗೆ ತೋರಿಸಿ. ಬ್ಯಾಗ್ ಹಿಡಿದಾಗ ಮಾತ್ರ ನಡುಗುವುದಾದರೆ ಕಾರಣ ಬಹುಮಟ್ಟಿಗೆ ತುಂಬಿ ತುಳುಕುವ ಬ್ಯಾಗ್, ಅತಿ ಗಟ್ಟಿಯಾದ ಕ್ರೀಮ್, ತಗ್ಗಿನಲ್ಲಿರುವ ಮೇಜು. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಬ್ಯಾಗಿನ ತಿರುಚಿದ ಬಾಯಿಯನ್ನು ಹಿಡಿದು ಆ ಕೈಯಿಂದಲೇ ಒತ್ತಿ, ಎಡಗೈಯ ಎರಡು ಬೆರಳನ್ನು ನಾಝಲ್ ಬಳಿ ಆಸರೆಯಾಗಿಡಿ, ಮೊಣಕೈಗಳು ಮೈಗೆ ತಾಗಿರಲಿ, ಕೇಕ್ ನಿಮ್ಮ ಮೊಣಕೈಯ ಎತ್ತರಕ್ಕೆ ಬರುವಂತೆ ಟರ್ನ್‌ಟೇಬಲಿನ ಕೆಳಗೆ ಮಣೆ ಇಡಿ. ರೋಸೆಟ್ಟು, ಶಂಖದ ಸಾಲುಗಳಲ್ಲಿ ಸಣ್ಣ ನಡುಕ ಕಾಣುವುದೇ ಇಲ್ಲ. ಅದು ಕಾಣುವುದು ಉದ್ದನೆಯ ನೇರ ಗೆರೆಗಳಲ್ಲಿ, ಅಂದರೆ ಇಂಗ್ಲಿಷ್ ಬರಹದಲ್ಲಿ. ಮುಂದಿನ ಹುಟ್ಟುಹಬ್ಬಕ್ಕೆ ಮಗಳ ಹೆಸರನ್ನು ಕನ್ನಡದಲ್ಲೇ ಬರೆಯಿರಿ. ನಮ್ಮ ಅಕ್ಷರಗಳ ಸುರುಳಿಗಳು ದುಂಡು ನಾಝಲ್‌ನ ಚಲನೆಗೆ ಸಹಜವಾಗಿ ಒಗ್ಗುತ್ತವೆ. ‘ಹುಟ್ಟುಹಬ್ಬ’ ಎಂಬ ಪದದಲ್ಲಿ ಎರಡು ಒತ್ತುಗಳಿರುವುದರಿಂದ ಮೇಲಿನ ಸಾಲಿನ ಕೆಳಗೆ ಒಂದು ಅಕ್ಷರದಷ್ಟು ಜಾಗ ಬಿಟ್ಟು ಕೆಳಗಿನ ಸಾಲು ಆರಂಭಿಸಿ. ಮೊದಲು ಹಲ್ಲುಕಡ್ಡಿಯಿಂದ ಕ್ರೀಮಿನ ಮೇಲೆ ತೆಳುವಾಗಿ ಗೀಚಿಕೊಂಡು, ಮೂಲೆ ಕತ್ತರಿಸಿದ ಸಣ್ಣ ಕೋನಿನಲ್ಲಿ ಮೆತ್ತಗಿನ ಗನಾಶ್ ತುಂಬಿ, ಆ ಗೀಚಿನ ಮೇಲೆ ಉಸಿರು ಬಿಡುತ್ತಾ ನಿಧಾನವಾಗಿ ಬರೆಯಿರಿ.